ಆಯಾರದ ಲ್ಯಾಪ್‌ಟಾಪ್

ಆ ಬುಧವಾರ ತಂಗಿ ಎಂದಿನ ಹಾಗೆ ಮೂಡಲಗಿಯಿಂದ ಗೋಕಾಕಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಕಾಲೇಜು ಮುಟ್ಟಿದಳು. ಸಂಜೆ ಬಂದವಳು ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ನನ್ನ ಹೊಲಿಗೆ ಯಂತ್ರದ ಎದುರು ಕೂತಳು.

"ಅಕ್ಕಾ, ನಿನ್ನ ಮಷಿನ್ ಸಪ್ಪಳಕ್ಕ ನನ್ನ ಅಂಕಿ ಎಲ್ಲಾ ತಲಿಯಿಂದ ಓಡಿ ಹೋಗತಾವ ನೋಡು."

"ಹಿಡಕೊಂಡು ಬಾ ಹೋಗು. ನನಗ ನಾಳೆ ಜಂಪರ್ ಕೊಡೂದೈತಿ."

ಆ ದಿನದಲ್ಲಿ ಬೇರೇನೂ ಇರಲಿಲ್ಲ. ಮರುದಿನ ಗೋಕಾಕದ ಬಸ್ ನಿಲ್ದಾಣದಲ್ಲಿ ಅವಳು ಕುಸಿದು ಬಿದ್ದಳು.

ಹೃದಯದ ಕವಾಟ ಕೆಟ್ಟಿದೆ ಎಂದರು ಬೆಳಗಾವಿಯ ಡಾಕ್ಟರು. ಶಸ್ತ್ರಚಿಕಿತ್ಸೆಗೆ ಮೊದಲು ಮೈ ಸುಧಾರಿಸಬೇಕು, ಅಲ್ಲಿಯವರೆಗೆ ಬಸ್ಸಿನ ಓಡಾಟ ಬೇಡ ಎಂದರು. ತಂಗಿಯ ಎಂ.ಎಸ್ಸಿ. ಪ್ರಬಂಧದಲ್ಲಿ ಕೊನೆಯ ಅಧ್ಯಾಯವೊಂದೇ ಬಾಕಿ ಇತ್ತು. ಕೌಜಲಗಿಯ ಹೊಲಗಳಲ್ಲಿ ಅರಿಶಿನದ ಇಳುವರಿ ಅಳೆದು ತಂದಿದ್ದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಫಲಿತಾಂಶ ತೆಗೆಯಬೇಕಿತ್ತು. ಲ್ಯಾಪ್‌ಟಾಪ್ ಒಂದಿದ್ದರೆ ಹಾಸಿಗೆಯಲ್ಲೇ ಕೂತು ಮುಗಿಸುತ್ತೇನೆ ಎಂದಳು.

ಸುದ್ದಿ ತಿಳಿದು ಹುಕ್ಕೇರಿಯಿಂದ ಸೋದರಮಾವ ಬಂದರು. "ನಾ ಕೊಡಸ್ತೀನಿ ತಗೋ. ಮಾವನ ಆಯಾರ ಅಂತ ತಿಳಿ," ಎಂದರು. ತವರಿನಿಂದ ಬರುವ ಉಡುಗೊರೆಗೆ ನಮ್ಮಲ್ಲಿ ಆಯಾರ ಅನ್ನುತ್ತಾರೆ.

"ಮಾಮಾ, ಹಳೇ ಆಪರೇಟಿಂಗ್ ಸಿಸ್ಟಮ್ ಇರೋ ಮಾಡೆಲ್ ತಗೋರಿ," ಎಂದಳು ತಂಗಿ. "ನಮ್ಮ ಸಾಫ್ಟ್‌ವೇರ್ ಅದರಾಗ ಅಷ್ಟ ನಡೀತೈತ್ರಿ. ಈಗ ಬಂದಿರೋ ಹೊಸಾದ್ರಾಗ ತೆರ್ಯೂದ ಇಲ್ಲ."

"ಆಯಾರಕ್ಕ ಹಳೇದು ಕೊಡಾಕ ನಾ ಏನ್ ಗುಜರಿ ಅಂಗಡಿ ಇಟ್ಟೀನೇನವಾ?" ಮಾವ ನಕ್ಕರು. ಅಪ್ಪನೂ ನಕ್ಕ.

"ಹಂಗಲ್ರಿ ಮಾಮಾ..." ಅನ್ನುವಷ್ಟರಲ್ಲಿ ಅವ್ವ ಚಹಾ ತಂದಳು.

ಮಾವ ಗೋಕಾಕದ ಅಂಗಡಿಯಲ್ಲಿ ಎಲ್ಲಕ್ಕಿಂತ ಹೊಸದನ್ನೇ ಆರಿಸಿ ತಂದರು. ಅವ್ವ ಅದನ್ನು ತಾಟಿನಲ್ಲಿಟ್ಟು, ಪಕ್ಕದಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ ಇಟ್ಟು, ಮುಚ್ಚಳಕ್ಕೆ ಕುಂಕುಮ ಹಚ್ಚಿ ತಂಗಿಯ ಮಡಿಲಿಗೆ ಕೊಟ್ಟಳು. ತಂಗಿ ಕಾಲೇಜಿನಿಂದ ತರಿಸಿದ ಸಿ.ಡಿ. ಹಾಕಿದಳು. ಸಾಫ್ಟ್‌ವೇರ್ ತೆರೆಯಲಿಲ್ಲ. ಮತ್ತೆ ಮತ್ತೆ ಹಾಕಿದಳು. ಆಮೇಲೆ ಮುಚ್ಚಳ ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡು ಕೂತಳು.

ನಾನು ಗೋಕಾಕಕ್ಕೆ ಹೋಗಿ ವಿಚಾರಿಸಿದೆ. "ಆ ಮಾಡೆಲ್‌ನ್ಯಾಗ ಹಳೇ ಸಿಸ್ಟಮ್ ಕೂಡೂದಿಲ್ರಿ ಅಕ್ಕಾರ," ಎಂದ ಅಂಗಡಿಯವ. ಬಾಜೂ ಇದ್ದ ಇನ್ನೊಂದನ್ನು ತೋರಿಸಿದ. "ಇದರಾಗ ನಡೀತೈತಿ. ಡಬ್ಬಿ ಸಮೇತ ತರ್ರಿ, ಬದಲಿ ಮಾಡಿ ಕೊಡ್ತೀನಿ." ಅಷ್ಟು ಸುಲಭವಿತ್ತು.

"ಕುಂಕುಮ ಹಚ್ಚಿದ ಆಯಾರ ಹೊಳ್ಳಿ ಒಯ್ತೀಯಾ?" ಎಂದಳು ಅವ್ವ. "ನಾಳೆ ನಮ್ಮಣ್ಣಗ ಯಾವ ಮುಖ ತೋರಿಸ್ಲಿ?"

"ಮಾಮಾಗ ಎಲ್ಲಿ ಗೊತ್ತಾಗತೈತಿ ಅವ್ವಾ? ನೋಡಾಕ ಎರಡೂ ಕರೀ ಬಣ್ಣದ್ದ ಅದಾವ."

"ನನಗ ಗೊತ್ತಿರತೈತಲ್ಲ."

ಅಪ್ಪ ಎದ್ದು ಹೊರಗೆ ಹೋದ. ತಂಗಿ ವಾದ ಮಾಡಲಿಲ್ಲ. "ಇರಲಿ ಬಿಡ ಅಕ್ಕಾ, ಕಾಲೇಜಿನ ಕಂಪ್ಯೂಟರ್ ಐತಲ್ಲ," ಎಂದು ಮುಂದಿನ ವಾರದಿಂದ ಮತ್ತೆ ಬಸ್ಸು ಹತ್ತಿದಳು. ಬೇಡ ಅಂದವಳು ನಾನೊಬ್ಬಳೇ. ಲ್ಯಾಪ್‌ಟಾಪ್ ಮಾತ್ರ ಪಡಸಾಲೆಯಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ ಇತ್ತು. ಮಾವ ಕೊಡಿಸಿದ್ದು ಎಂದು ಅವ್ವ ಎಲ್ಲರಿಗೂ ಹೇಳುತ್ತಿದ್ದಳು. ಸಂಜೆ ಬರುವಾಗ ತಂಗಿಯ ಪಾದಗಳು ಬಾತಿರುತ್ತಿದ್ದವು. ಒಂದು ಮಧ್ಯಾಹ್ನ ಗೋಕಾಕದ ನಿಲ್ದಾಣದಿಂದ ಯಾರೋ ಫೋನ್ ಮಾಡಿದರು. ನಾವು ಮುಟ್ಟುವಷ್ಟರಲ್ಲಿ ಅವಳ ಜೀವ ಹೋಗಿತ್ತು.

ಕವಾಟದಿಂದ ಸತ್ತಳು ಎಂದೇ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಬಸ್ಸಿನ ಮಾತು ಯಾರೂ ಎತ್ತುವುದಿಲ್ಲ. ನಾನು ಎತ್ತಿದರೆ ಅವ್ವ ಅಡಿಗೆಮನೆಗೆ ಹೋಗುತ್ತಾಳೆ.

ದಿನಕರ್ಮಗಳು ಮುಗಿದ ಮೇಲೆ ಮಾವ ಪಡಸಾಲೆಯಲ್ಲಿ ಕೂತು, "ಅದು ಸುಮ್ಮ ಕುಂತೈತಿ. ನಮ್ಮ ಹುಡುಗನ ಕಾಲೇಜಿಗೆ ಬರತೈತಿ. ಒಯ್ಲೇನವಾ?" ಎಂದು ಕೇಳಿದರು. ಅವ್ವ ತಲೆಯಾಡಿಸಿದಳು. ಆಯಾರವನ್ನು ಹೊಳ್ಳಿ ಕೊಡಬಾರದು ಎಂದು ಆ ದಿನ ಯಾರಿಗೂ ನೆನಪಾಗಲಿಲ್ಲ. ವೈರು ಸುತ್ತಿ ಚೀಲಕ್ಕೆ ಹಾಕಿಕೊಟ್ಟವಳು ನಾನೇ.

ಉಳಿದ ಕೆಲಸ ಬೇರೆಯವರಿಂದ ಮಾಡಿಸೋಣ ಎಂದು ಅವಳ ಮೇಷ್ಟ್ರು ಒಮ್ಮೆ ಹೇಳಿದ್ದರು. ಯಾರೂ ಮಾಡಲಿಲ್ಲ. ಅವಳು ಟೈಪ್ ಮಾಡಿಸಿದ್ದ ಹಾಳೆಗಳು ನನ್ನ ಹತ್ತಿರ ಇವೆ. ಕೊನೆಯ ಅಧ್ಯಾಯ ಇಲ್ಲ.