ಡಾಕ್ಟರುಗಳಿಗೆ ನಾನು ಅತ್ತೆಯಾದದ್ದು

ಪುಟ್ಟಿ, ಚಿನ್ನು, ನಿಮ್ಮ ಅಜ್ಜಿ ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ ಎಂದು ನಿಮಗೆ ಗೊತ್ತು. ಆದರೂ ನಾನು ಡಾಕ್ಟರುಗಳಿಗೆ ಪಾಠ ಮಾಡಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಿಮ್ಮ ತಾತ ತೀರಿಕೊಂಡ ಮೇಲೆ ಶಿರಾ ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದ್ದೆ. ಮೆಡಿಕಲ್ ಕಾಲೇಜೊಂದರ ವಿಭಾಗದಿಂದ ಎಳೆಯ ಡಾಕ್ಟರುಗಳು ಹಳ್ಳಿಯ ಕೆಲಸ ಕಲಿಯಲು ಅಲ್ಲಿಗೆ ಬರುತ್ತಿದ್ದರು. ಅವರ ಪ್ರೊಫೆಸರ್ ಮೇಡಂ ಕೂಡ ಬರುತ್ತಿದ್ದರು.

ಒಂದು ಬೆಳಿಗ್ಗೆ ಕುರಿ ಸಾಕುವವರ ಹಟ್ಟಿಯಿಂದ ಒಬ್ಬ ಅತ್ತೆ ತುಂಬು ಬಸುರಿ ಸೊಸೆಯನ್ನು ಕರೆತಂದಳು. ಹುಡುಗಿಯ ಕಾಲು ಊದಿತ್ತು, ಬಿ.ಪಿ. ಏರಿತ್ತು. ಆ ಎಳೆಯರಲ್ಲೊಬ್ಬ ಡಾಕ್ಟರು ಅವಳನ್ನು ಏನು ಕೇಳಿದರೂ ಉತ್ತರ ಅತ್ತೆಯದೇ. ಅವರ ತಾಳ್ಮೆ ಕೆಟ್ಟಿತು.

"ಅಜ್ಜಿ, ನೀವು ಆಚೆ ಹೋಗಿ."

"ನನ್ನೇ ಆಚೀಕ್ ಕಳ್ಸೋ ಜಾಗ್ದಾಗೆ ನನ್ ಸೊಸೇಗೇನ್ ಕೆಲ್ಸ? ಏಳೇ, ವೋಗಾನ!"

ಅತ್ತೆ ಸೊಸೆ ಔಷಧಿಯನ್ನೂ ತೆಗೆದುಕೊಳ್ಳದೆ ಹೊರಟೇಹೋದರು. ಆ ಹುಡುಗಿ ವಾಪಸು ಬರದಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯ ಎಂದು ಮೇಡಂ ಮುಖ ಸಣ್ಣದಾಯಿತು. "ಈ ಡಾಕ್ಟರುಗಳಿಗೆ ಹಳ್ಳಿಯವರ ಹತ್ತಿರ ಮಾತಾಡೋದು ಹೇಗೆ ಅಂತ ನೀನೇ ಹೇಳಿಕೊಡಮ್ಮ" ಎಂದರು.

ಭಾಷಣ ನನ್ನಿಂದಾಗದು. ಆದರೆ ನಾನು ಎಂಥ ಅತ್ತೆಯ ಕೈಕೆಳಗೆ ಬಾಳಿದವಳು! ನಾನೇ ಅತ್ತೆಯಾಗಿ ಬೆಂಚಿನ ಮೇಲೆ ಕೂತೆ, ಒಬ್ಬ ಲೇಡಿ ಡಾಕ್ಟರನ್ನು ಸೊಸೆಯಾಗಿ ಪಕ್ಕದಲ್ಲಿ ಕೂರಿಸಿಕೊಂಡೆ, ಬೆಳಗಿನ ಡಾಕ್ಟರಿಗೆ, "ಈಗ ಬನ್ನಿ ಸಾಮಿ" ಎಂದೆ.

"ಊಟ ಸರಿಯಾಗಿ ಮಾಡ್ತೀಯಾ?" ಎಂದು ಅವರು ಸೊಸೆಯನ್ನು ಕೇಳಿದರು.

"ಊಟ ಇಕ್ಕೋಳು ನಾನು, ಅವ್ಳನ್ನೇನ್ ಕೇಳೀಯ? ನಿಂಗೆಷ್ಟಪ್ಪಾ ಮಕ್ಳು?"

"ನನಗಿನ್ನೂ ಮದುವೆಯಾಗಿಲ್ಲ."

"ಅಂಗಾರೆ ಬಸ್ರಿ ಕಷ್ಟ ನಿಂಗೇನ್ ಗೊತ್ತು? ಏಳೇ ಸೊಸೆ!"

ಎಲ್ಲರೂ ನಕ್ಕರು. ಆ ಡಾಕ್ಟರು ಎರಡನೇ ಸಲವೂ ಸೋತರು. ಮೂರನೇ ಸಲ ನೆಲದ ಮೇಲೆ ಕೂತು, "ಅವ್ವಾ, ನೀವು ಎಷ್ಟು ಬಾಣಂತನ ಮಾಡಿದ್ದೀರಿ?" ಎಂದರು. "ಇಂಗ್ ಬಾ ದಾರೀಗೆ" ಎಂದೆ. ಉಪ್ಪಿನ ಮಡಕೆ ಅತ್ತೆಯ ಕೈಯಲ್ಲಿರುವಾಗ ಬಿ.ಪಿ.ಗೆ ಉಪ್ಪು ಕಡಿಮೆ ಮಾಡು ಎಂದು ಸೊಸೆಗೆ ಹೇಳಿ ಏನು ಫಲ?

ಸೊಸೆಯಾಗಿದ್ದ ಲೇಡಿ ಡಾಕ್ಟರು ಮಾತ್ರ, "ಇಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳಲೇ ಇಲ್ಲವಲ್ಲ" ಎಂದರು. ಅದೂ ನಿಜವೇ. ಮೊದಲು ಅತ್ತೆಗೆ ಮರ್ಯಾದೆ, ಆಮೇಲೆ ಅವಳ ಒಪ್ಪಿಗೆ ಪಡೆದು, ಸೊಸೆ ಒಬ್ಬಳೇ ಇರುವಾಗ ಅವಳ ಜೊತೆ ಎರಡು ಮಾತು. ಹಾಗೆಂದು ಹೇಳಿದೆ.

ಮಾರನೆಯ ದಿನ ಆ ಇಬ್ಬರು ಡಾಕ್ಟರನ್ನೂ ಹಟ್ಟಿಗೆ ಕರೆದುಕೊಂಡು ಹೋದೆ. ಮುಳ್ಳುಬೇಲಿಯ ಹೊರಗೆ ಬೂಟು ಬಿಚ್ಚಿಸಿದೆ. ಆ ಡಾಕ್ಟರು ನೆಲದ ಮೇಲೆ ಕೂತು ಅತ್ತೆಯ ಹಳೆಯ ಹೆರಿಗೆಗಳ ಕಥೆಯನ್ನೆಲ್ಲ ಕೇಳಿದರು, ಮಜ್ಜಿಗೆ ಕುಡಿದರು. ಆಮೇಲೆ ಸೊಸೆಯ ಜೊತೆ ಎರಡು ಮಾತಾಡಲೇ ಎಂದು ಲೇಡಿ ಡಾಕ್ಟರು ಕೇಳಿದ್ದಕ್ಕೆ ಅತ್ತೆಯೇ ಎದ್ದು ಹೊರಗೆ ಹೋದಳು. ಆಗ ಆ ಹುಡುಗಿ ಬಾಯಿಬಿಟ್ಟಳು: ನಾಲ್ಕು ದಿನದಿಂದ ತಲೆನೋವು, ಕಣ್ಣು ಮಂಜು. ಇದು ಫಿಟ್ಸ್ ಬರುವ ಸೂಚನೆ, ತಡ ಮಾಡಬಾರದು ಎಂದರು ಲೇಡಿ ಡಾಕ್ಟರು.

ಅವತ್ತೇ ಆಸ್ಪತ್ರೆಗೆ ಗಾಡಿ ಕಟ್ಟಿಸಿದವಳು ಅತ್ತೆ. ಹೆರಿಗೆಯಾಗುವವರೆಗೂ ಸೊಸೆಯ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಹೆಣ್ಣುಮಗು, ತಾಯಿಯೂ ಉಳಿದಳು. ಮುಂದೆ ಮೇಡಂ ನನ್ನನ್ನು ಕಾಲೇಜಿಗೇ ಕರೆಸಿ ಪ್ರತಿ ಹೊಸ ತಂಡಕ್ಕೂ ಅತ್ತೆ ಮಾಡಿದರು. ದೊಡ್ಡ ದೊಡ್ಡವರೂ ಸೋತು ಕಲಿತರು.

ಇದನ್ನೆಲ್ಲ ಬರೆದ ಈ ಹಾಳೆಗಳನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿರುತ್ತೇನೆ. ಇಲಿ ಕಡಿಯದಂತೆ ನೋಡಿಕೊಳ್ಳಿ, ಮಕ್ಕಳೇ.