ಲೆಕ್ಕಕ್ಕುಂಟು, ಆಟಕ್ಕಿಲ್ಲ

ಜರ್ಸಿಯಣ್ಣನ ನಾಲಿಗೆಗೆ ಅಂಕೆ ಇರಲಿಲ್ಲ. ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಬಟ್ಟೆ ಒಗೆದು, ಹೆಸರು ಅಂಟಿಸಿ, ಪಂದ್ಯದ ದಿನ ಸಾಲಾಗಿ ತೂಗುಹಾಕುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ. ಆದರೆ ಟೀ ಅಂಗಡಿಯಲ್ಲಿ ಕೂತನೆಂದರೆ ಕ್ಲಬ್ಬಿಗೆ ಅವನೇ ಯಜಮಾನ. ಹೊರದೇಶದವರನ್ನು ತಲೆ ಮೇಲೆ ಕೂರಿಸಿಕೊಂಡಿದ್ದಾರೆ, ನಮ್ಮ ಹುಡುಗರೆಂದರೆ ಇವರಿಗೆ ಹಿತ್ತಲ ಗಿಡ, ಮದ್ದಲ್ಲ ಎಂದು ಕೂಗಾಡುತ್ತಿದ್ದ. ಕೇಳುವವರು ತಲೆದೂಗುತ್ತಿದ್ದರು.

ಆ ಕೋಪಕ್ಕೆ ಕಾರಣ ಮನೆಯಲ್ಲೇ ಇತ್ತು. ಅವನ ತಂಗಿಯ ಮಗ ಅದೇ ಕ್ಲಬ್ಬಿನಲ್ಲಿ ಆಡಿ ಬೆಳೆದ ಫಾರ್ವರ್ಡ್. ಪಂದ್ಯದ ಪಟ್ಟಿಯಲ್ಲಿ ಇಲ್ಲೇ ಬೆಳೆದವರು ನಾಲ್ವರಾದರೂ ಇರಬೇಕೆಂಬುದು ನಿಯಮ. ಅವರನ್ನು ಆಡಿಸಲೇಬೇಕೆಂಬ ನಿಯಮವಿಲ್ಲ. ಆ ನಾಲ್ಕನೆಯ ಹೆಸರು ಈ ಅಳಿಯನದು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ಇವನದು ಉಲ್ಟಾ. ಇಡೀ ವರ್ಷ ಜಾಕೆಟ್ ಹಾಕಿಕೊಂಡು ಬೆಂಚು ಬಿಸಿ ಮಾಡಿದ.

ಹೊರದೇಶದ ಫಾರ್ವರ್ಡ್‌ಗೆ ಒಂದು ಚಟ. ವಿರಾಮದಲ್ಲಿ ಒಣ ಜರ್ಸಿ ಬೇಕೇ ಬೇಕು, ಪಂದ್ಯ ಮುಗಿದರೆ ಎರಡನ್ನೂ ಅಭಿಮಾನಿಗಳತ್ತ ಎಸೆಯುತ್ತಿದ್ದ. ಹೀಗಾದರೆ ಎಷ್ಟು ದಿನ ಬಂದೀತು? ಜರ್ಸಿ ಮುಗಿದವು. ಮ್ಯಾನೇಜರ್ ಎದುರು ನಿಂತು ಇಲ್ಲ ಎನ್ನುವ ಎದೆಗಾರಿಕೆ ನಮ್ಮ ಟೀ ಅಂಗಡಿ ಹುಲಿಗೆ ಎಲ್ಲಿಂದ ಬರಬೇಕು! ಅಳಿಯನದೂ ಅದೇ ಅಳತೆ. ಅವನ ಹೆಸರು, ನಂಬರು ಕಿತ್ತು ಆ ಮಹಾರಾಯನದು ಅಂಟಿಸಿದ.

"ಹೇಗೂ ಜಾಕೆಟ್ಟಲ್ಲೇ ಕೂತಿರ್ತೀಯಲ್ಲೋ, ಒಳಗೇನಿದೆ ಅಂತ ಯಾರು ನೋಡ್ತಾರೆ?" ಎಂದ.

ಅಳಿಯನ ಮೂರು ಜರ್ಸಿಯೂ ಹೀಗೇ ಒಂದೊಂದಾಗಿ ಹೋದವು. ಮೊದಲ ಸಲ ಅವನು ಮಾವನ ಮುಖ ನೋಡಿದ್ದ. ಆಮೇಲಾಮೇಲೆ ತಾನಾಗಿಯೇ ಬನಿಯನ್ ಮೇಲೆ ಜಾಕೆಟ್ ಏರಿಸಿ ಹೋಗತೊಡಗಿದ.

ಕೊನೆಯ ಪಂದ್ಯದ ದಿನ ಬಂತು. ಅಳಿಯನ ಒಪ್ಪಂದವೂ ಆ ತಿಂಗಳಿಗೆ ಮುಗಿಯುವುದರಲ್ಲಿತ್ತು. ಆಟ ನೋಡದೆ ಮುಂದುವರಿಸುವುದಿಲ್ಲ ಎಂದು ಮ್ಯಾನೇಜರ್ ಖಡಾಖಂಡಿತ ಹೇಳಿದ್ದರು. ಆಟ ಮುಗಿಯಲು ಇನ್ನು ಹದಿನೈದು ನಿಮಿಷ ಇದೆ ಎನ್ನುವಾಗ ಹೊರದೇಶದವನು ಕುಂಟುತ್ತ ಕೂತುಬಿಟ್ಟ. ಮ್ಯಾನೇಜರ್ ಅಳಿಯನತ್ತ ಬೆರಳು ತೋರಿದರು.

ಅವನು ಎದ್ದ. ಜಿಪ್ಪಿನ ಮೇಲೆ ಕೈಯಿಟ್ಟು ಮಾವನ ಕಡೆ ನೋಡಿದ. ಬೇಗ ಎಂದು ಯಾರೋ ಗದರಿದರು. ಜಾಕೆಟ್ ಬಿಚ್ಚಿದರೆ ಒಳಗೆ ಬರೀ ಬನಿಯನ್. ಗ್ಯಾಲರಿಗೆ ಗ್ಯಾಲರಿಯೇ ನಕ್ಕಿತು. ಗೆರೆಯ ಬಳಿ ನಿಂತಿದ್ದ ಅಧಿಕಾರಿ ಅವನನ್ನು ಹಿಂದಕ್ಕೆ ಕಳಿಸಿ ಇನ್ನೊಬ್ಬನನ್ನು ಒಳಗೆ ಬಿಟ್ಟ.

ಡ್ರೆಸ್ಸಿಂಗ್ ರೂಮಿನಲ್ಲಿ ಮ್ಯಾನೇಜರ್ ಜರ್ಸಿ ಎಲ್ಲಿ ಎಂದು ಕೇಳಿದರು. ಜರ್ಸಿಯಣ್ಣ ಒದ್ದೆ ಟವೆಲುಗಳನ್ನು ಬುಟ್ಟಿಗೆ ತುಂಬುತ್ತಿದ್ದ. ಕೇಳಿಸದವನಂತೆ ಇನ್ನೊಂದು ಟವೆಲು ತುರುಕಿದ. ಅಳಿಯ ಕಾದ. ಕಾದು ಕಾದು ತಾನೇ ಹೇಳಿದ: "ಸೆಕೆ ಅಂತ ಬಿಚ್ಚಿಟ್ಟೆ ಸಾರ್. ಎಲ್ಲಿಟ್ಟೆ ಅಂತ ನೆನಪಿಲ್ಲ."

ಆಡುವ ಮನಸ್ಸಿಲ್ಲದವನು ನನಗೆ ಬೇಡ ಎಂದು ಮ್ಯಾನೇಜರ್ ಹೊರಟುಹೋದರು.

ಭಾನುವಾರ ತಂಗಿಯ ಮನೆಯಲ್ಲಿ ಊಟ. ಅಣ್ಣನಿಗೆ ಬಡಿಸುತ್ತ ಅವಳು ಜರ್ಸಿ ಕಳೆದುಕೊಂಡ ಮಗನನ್ನು ಬೈದದ್ದೇ ಬೈದದ್ದು. ಅಳಿಯ ತಟ್ಟೆಯಿಂದ ತಲೆ ಎತ್ತಲಿಲ್ಲ. ಜರ್ಸಿಯಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅವನ ಜರ್ಸಿ ಕಿತ್ತುಕೊಟ್ಟದ್ದು ತಾನೇ ಎಂದು ಕೊನೆಗೂ ಬಾಯಿಬಿಟ್ಟ. ತಂಗಿ ಸೌಟು ಕೆಳಗಿಟ್ಟಳು.

"ನಾಳೆ ಹೋಗಿ ಅವರಿಗೆ ಹೇಳಣ್ಣ," ಎಂದಳು ಆಮೇಲೆ. "ಮುಂದಿನ ವರ್ಷದ ಆಟಗಾರರ ಪಟ್ಟಿ ಕಳಿಸೋಕೆ ಇನ್ನೂ ಎರಡು ದಿನ ಇದೆಯಂತೆ."

ಮಾರನೆಯ ದಿನ ಹೋದ, ಹೋಗಲಿಲ್ಲವೆಂದಲ್ಲ. ಅಳಿಯನ ವಿಷಯಕ್ಕೆ ಬಂದೆಯಾ ಎಂದು ಮ್ಯಾನೇಜರ್ ತಾವಾಗಿಯೇ ಕೇಳಿದರು. ಅಷ್ಟರಲ್ಲಿ ಹತ್ತೊಂಬತ್ತು ವರ್ಷದ ಕೆಲಸ ಕಣ್ಣ ಮುಂದೆ ಬಂತು.

"ಇಲ್ಲ ಸಾರ್, ಸೋಪಿನ ಪುಡಿ ಮುಗಿದಿದೆ," ಎಂದುಬಿಟ್ಟ.

ಸಂಜೆ ತಂಗಿ ಫೋನ್ ಮಾಡಿ ಏನಾಯಿತೆಂದು ಕೇಳಿದಳು.

"ಎಲ್ಲಾ ಹೇಳಿದೆ ಕಣಮ್ಮ. ಅವರು ಒಪ್ಪಲಿಲ್ಲ."

ಅವಳು ನಿಟ್ಟುಸಿರುಬಿಟ್ಟಳು. "ಹೋಗ್ಲಿ ಬಿಡಣ್ಣ, ನೀನು ಹೇಳಿದ್ಯಲ್ಲ, ನಂಗೆ ಅಷ್ಟು ಸಾಕು. ಇರು, ಅವನೂ ಇಲ್ಲೇ ಇದ್ದಾನೆ, ಮಾತಾಡ್ಬೇಕಂತೆ."

ಅಳಿಯ ಫೋನ್ ತೆಗೆದುಕೊಂಡ. "ಥ್ಯಾಂಕ್ಸ್ ಮಾವ," ಎಂದ.