ಅರಿಸಿನ ಬಟ್ಟೆಯಲ್ಲಿ ಕಟ್ಟಿದ ಅರ್ಥಶಾಸ್ತ್ರ

ಮಾದಪ್ಪನನ್ನು ನೆನೆದೇ ಕಣ್ಣು ಬಿಡುವ ನನ್ನ ಬಂಧುಗಳೇ, ನನ್ನ ಬಲಗೈ ಮಣಿಕಟ್ಟಿನ ಮೇಲೆ ಒಂದು ಗಂಟಿದೆ. ಒಡಹುಟ್ಟಿದ ಅಣ್ಣ ಹೊಡೆದದ್ದು. ಆ ಗಂಟಿನ ಕಥೆಯನ್ನೇ ನಿಮ್ಮ ಮುಂದಿಡುತ್ತೇನೆ.

ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ನೇಯುವ ಮನೆ. ಅಪ್ಪ ಅವ್ವ ಹೋದ ಮೇಲೆ ಮಗ್ಗ ಅಣ್ಣನದು, ಲಾಳಿಗೆ ನೂಲು ಸುತ್ತಿಕೊಡುವುದು ನನ್ನದು, ಇಬ್ಬರನ್ನೂ ಸಾಕಿದವಳು ಅಜ್ಜಿ. ಎರಡನೇ ಪಿಯುಸಿಯಲ್ಲಿ ಅರ್ಥಶಾಸ್ತ್ರ ಒಂದರಲ್ಲೇ ಫೇಲಾದೆ. ಮನೆಯಲ್ಲೇ ಓದಿ ಮತ್ತೆ ಬರೆಯೋಣವೆಂದು ಪುಸ್ತಕ ತಂದೆ: ದಿಂಬಿನಂಥ ಒಂದು ಗೈಡು, ಒಂದು ಪ್ರಶ್ನೆಕೋಠಿ, ಮತ್ತೊಂದು ತೆಳ್ಳನೆಯದು. ಅದರಲ್ಲಿ ಪಾಠಗಳ ಸಾರ, ಕೊನೆಗೆ ಹಳೇ ಪ್ರಶ್ನೆಪತ್ರಿಕೆಗಳು. ಅಂಗಡಿಯವರು, "ಮೂರ್ ಯಾಕವ್ವ? ಒಂದ ತಕಂಡು ನೆಟ್ಗೆ ಓದು" ಅಂದರು. ಕೇಳಲಿಲ್ಲ. ಇದರಲ್ಲಿ ಅರ್ಧ ಪುಟ, ಅದರಲ್ಲಿ ಕಾಲು ಪುಟ. ಮೂರು ಮನೆ ನೆಂಟನ ಹಾಗೆ ಎಲ್ಲೂ ಹೊಟ್ಟೆ ತುಂಬಲಿಲ್ಲ.

ಒಂದು ಮಧ್ಯಾಹ್ನ ಓದುತ್ತಾ ನೂಲು ಸುತ್ತುವುದನ್ನು ಮರೆತೆ. ಮಗ್ಗದ ಸದ್ದು ನಿಂತಿತು.

"ಲಾಳಿ ಖಾಲಿ ಬಿದ್ದೈತೆ, ಫೇಲಾದೋಳು ಪುಸ್ತಕ ಇಡ್ಕಂಡ್ ಕುಂತಿದ್ದೀಯಾ?"

ಜಡೆ ಹಿಡಿದು ಅಣ್ಣ ನನ್ನ ತಲೆಯನ್ನು ಕಂಬಕ್ಕೆ ಚಚ್ಚಿದ. ರಕ್ತ ಕಣ್ಣಿಗಿಳಿಯಿತು. ಗೈಡು, ಪ್ರಶ್ನೆಕೋಠಿ ಎರಡನ್ನೂ ಹಂಡೆ ಒಲೆಗೆ ಎಸೆದ. ಉರಿಗೆ ಕೈ ಹಾಕಿದೆ. ಮಗ್ಗದ ಕೋಲು ಮಣಿಕಟ್ಟಿನ ಮೇಲೆ ಬಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಮೂರನೆಯದಕ್ಕೆ ತಿರುಗಿದ. ಅಷ್ಟರಲ್ಲಿ ಅಜ್ಜಿ ಅದನ್ನು ಅರಿಸಿನ ಬಟ್ಟೆಗೆ ಹಾಕಿ, ವಿಭೂತಿ ಇಟ್ಟು, ಗಂಟು ಬಿಗಿದಿದ್ದಳು.

"ಮುಟ್ಲಾ ನೋಡಾನ! ಮಾದಪ್ಪನ್ಗೆ ಮುಡಿಪು ಕಟ್ಟಾಯ್ತು!"

ಮುಡಿಪು ಕಟ್ಟಿದ್ದು ದೇವರ ಸೊತ್ತು, ಮಾದಪ್ಪನ ಬೆಟ್ಟ ಸೇರುವ ತನಕ ಮನೆಯವರು ಮುಟ್ಟುವಂತಿಲ್ಲ. ವರ್ಷಾ ವರ್ಷಾ ಕಾಲ್ನಡಿಗೆಯಲ್ಲಿ ಬೆಟ್ಟಕ್ಕೆ ಹೋಗುವ ಅಣ್ಣ ಎತ್ತಿದ ಕೋಲನ್ನು ಇಳಿಸಿದ. ನೀರಿನ ಕೊಡವನ್ನು ಒದ್ದು ಹೊರಟುಹೋದ.

ಆಸ್ಪತ್ರೆಗೆ ಮಾತ್ರ ತಾನೇ ಬಂದ. ಡಾಕ್ಟರ ಮುಂದೆ "ಜಾರ್ ಬಿದ್ಲು ಸಾ" ಅಂದ.

"ಊಂ ಸಾ, ಕೋಲ್ ಮ್ಯಾಲೆ ಜಾರಿದ್ಲು" ಅಂದಳು ಅಜ್ಜಿ.

ಮೂಳೆ ಬಿರುಕು ಬಿಟ್ಟಿತ್ತು, ಕೈಗೆ ಕಟ್ಟು ಹಾಕಿದರು. ಪರೀಕ್ಷೆಗೆ ಇನ್ನು ಕೆಲವೇ ವಾರ. ಮನೆಗೆ ಬಂದು, "ಗಂಟು ಬಿಚ್ಚಜ್ಜಿ, ಓದ್ಬೇಕು" ಅಂದೆ. ಅಜ್ಜಿ ತಲೆ ಮೇಲೆ ಕೈ ಹೊತ್ತಳು. "ಅಯ್ಯೋ ಕಂದ, ಕಟ್ಟೋವಾಗ ಬಿಚ್ಚೋ ಗ್ಯಾನ ಬರ್ಲಿಲ್ವಲ್ಲ!"

ಎರಡನ್ನು ಮೊಮ್ಮಗ ಸುಟ್ಟ, ಉಳಿದ ಒಂದನ್ನು ಅಜ್ಜಿ ದೇವರಿಗೆ ಕೊಟ್ಟಳು. ಇನ್ನು ನನಗೇನು?

ಮರುದಿನವೇ ಅಜ್ಜಿ ಬೆಟ್ಟದ ಬಸ್ಸು ಹತ್ತಿಸಿದಳು. ಗುಂಡಿ ಸಿಕ್ಕಾಗಲೆಲ್ಲ ಮಣಿಕಟ್ಟಿಗೆ ಗೂಟ ಹೊಡೆದಂತಾಗುತ್ತಿತ್ತು. ಮುಚ್ಚಿಡುವುದೇಕೆ, ಹನೂರು ದಾಟುವ ತನಕ ನಾನು ಪಾಸು ಮಾಡೆಂದು ಬೇಡಲಿಲ್ಲ. ಅಣ್ಣನ ಕೈ ಉದುರಿಹೋಗಲೆಂದು ಬೇಡಿದೆ. ತಿರುವುಗಳು ಶುರುವಾದ ಮೇಲೆ ಅಳು ಬಂತು. "ಅವನ ಕೈ ನಿಲ್ಲಿಸು ತಂದೆ, ನನ್ನ ಕೈ ನಡೆಸು" ಅಂದೆ.

ಗಂಟು ಬಿಚ್ಚಿದ ಅರ್ಚಕರು ಬೆರಗಾಗಿ ನಕ್ಕರು. "ಏನವ್ವಾ, ಮಾದಪ್ಪ ಪರೀಕ್ಷೆ ಕಟ್ಟವ್ನಾ?"

ಅಜ್ಜಿ ನನ್ನ ಕೈಕಟ್ಟನ್ನು ತೋರಿಸಿ ಎಲ್ಲವನ್ನೂ ಹೇಳಿದಳು. ಅವರ ನಗೆ ನಿಂತಿತು. ಪುಸ್ತಕವನ್ನು ಸ್ವಾಮಿಯ ಮುಂದಿಟ್ಟು, ರಟ್ಟಿಗೆ ವಿಭೂತಿ ಬಳಿದು ನನ್ನ ಮಡಿಲಿಗೆ ಹಾಕಿದರು. "ಸಲ್ಲಬೇಕಾದದ್ದು ಸಂದಾಯ್ತು. ಇನ್ ಇದು ಪ್ರಸಾದ. ಓಗು, ಓದು."

ಮನೆಯಲ್ಲಿ ಪುಸ್ತಕ ತೆರೆದದ್ದೇ ತಡ, ಅಣ್ಣ ಕೋಲೆತ್ತಿ ನುಗ್ಗಿದ. ಪುಸ್ತಕವನ್ನು ಎದೆಗವಚಿಕೊಂಡೆ. "ಒಡಿಯಲಾ" ಅಂದಳು ಅಜ್ಜಿ, "ಪ್ರಸಾದದ್ ಮ್ಯಾಲೇ ಒಡಿ!" ರಟ್ಟಿನ ವಿಭೂತಿ ಕಂಡು ಅವನ ತೋಳು ಗಾಳಿಯಲ್ಲೇ ನಿಂತಿತು. ಗೋಡೆಗೆ ತಿರುಗಿ, ಕೋಲು ಸೀಳಿ ಅಂಗೈಯಲ್ಲಿ ರಕ್ತ ಬರುವ ತನಕ ಬಡಿದ. ನನ್ನ ಮೇಲೆ ಮಾತ್ರ ಅಂದಿನಿಂದ ಒಂದು ಏಟೂ ಬಿದ್ದಿಲ್ಲ.

ಒಂದೇ ಪುಸ್ತಕವಾದ್ದರಿಂದ ಅದನ್ನೇ ತಿರುತಿರುಗಿ ಓದಿದೆ. ಹಳೇ ಪ್ರಶ್ನೆಗಳಿಗೆಲ್ಲ ಎಡಗೈಯಲ್ಲೇ ಸೊಟ್ಟಸೊಟ್ಟಗೆ ಉತ್ತರ ಬರೆದೆ. ಕಟ್ಟು ಬಿಚ್ಚಿದ ವಾರವೇ ಪರೀಕ್ಷೆ. ಪ್ರತಿ ಪುಟಕ್ಕೂ ನೋವು ಭುಜ ಹತ್ತಿತು, ಬರೆದೆ. ಪಾಸಾದೆ. ಮೂರರಲ್ಲಿ ಒಂದನ್ನು ಆರಿಸಲಾರದೆ ಒದ್ದಾಡಿದವಳಿಗೆ ಆರಿಸಿಕೊಟ್ಟವನು ಮಾದಪ್ಪ.

ಆ ಪುಸ್ತಕ ಈಗ ದೇವರ ಗೂಡಿನಲ್ಲಿದೆ. ಅಣ್ಣನ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಮಗ್ಗಕ್ಕೆ ಕೂರುವ ಮುಂಚೆ ವಿಭೂತಿ ತೆಗೆದುಕೊಳ್ಳಲು ಅವನು ದಿನವೂ ಆ ಪುಸ್ತಕವನ್ನು ಒಂದಿಷ್ಟು ಸರಿಸಬೇಕು. ಸರಿಸುವ ಮೊದಲು, ನನ್ನನ್ನು ಹೊಡೆದ ಆ ಕೈಯನ್ನು ತೊಳೆದುಕೊಳ್ಳುತ್ತಾನೆ.